ಬೋರ್ಡ್ ಬದಲಾಯಿತು, ಅಡುಗೆಮನೆ ಅಲ್ಲೇ ಇತ್ತು

2025ರ ಜುಲೈ ತಿಂಗಳ ಒಂದು ಭಾನುವಾರ. ಕೊಚ್ಚಿಯಲ್ಲಿ ಬೆಳಿಗ್ಗೆಯಿಂದ ಬಿಡದೆ ಮಳೆ. ಕಾಕ್ಕನಾಡಿನ ಬಾಡಿಗೆ ಫ್ಲಾಟಿನಲ್ಲಿ ಕಾಫಿ ಹಿಡಿದು ಕುಳಿತಿದ್ದೆ. ತಿರುವನಂತಪುರದಿಂದ ಮಾವನ ಫೋನ್ ಬಂತು.

"ಮಾಣಿ, ಪುರ್ಸೊತ್ತು ಇತ್ತಾ? ವೆಬ್‌ಸೈಟಿಗೆ ಮೂರು ವರ್ಷದ ಬಾಡಿಗೆ ಕಟ್ಟಿ ಆಯ್ತ್. ಈಗ ಹೆಸರು ಬದಲ್ ಮಾಡುಕ್ ಆತ್ತಾ ಇಲ್ಯಾ? ಕಟ್ಟಿದ್ ದುಡ್ಡ್ ಹೋತ್ತಾ?"

ಮಾವ ಎಂದರೆ ಅಮ್ಮನ ದೊಡ್ಡಮ್ಮನ ಮಗ. ಕುಂದಾಪುರದ ಹತ್ತಿರದ ಹಳ್ಳಿಯವರು. 1986ರಲ್ಲಿ ತಿರುವನಂತಪುರಕ್ಕೆ ಬಂದು, ಕಿಳಕ್ಕೇಕೋಟ್ಟ ಬಳಿಯ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಸ್ವಂತವಾಗಿ ಮದುವೆ, ಉಪನಯನಗಳಿಗೆ ಅಡುಗೆ ಮಾಡಿಸುವ ವ್ಯವಹಾರ ಶುರು ಮಾಡಿದರು. ನಮ್ಮ ಕರಾವಳಿಯಿಂದ ಪೂಜೆ, ಹೋಟೆಲ್, ಅಡುಗೆ ಎಂದು ಇತ್ತ ಬಂದವರ ಸಾಲು ಉದ್ದದ್ದು. ಮಾವ ಆ ಸಾಲಿನಲ್ಲಿ ಒಬ್ಬರು. ನಾನು ಎಂ.ಟೆಕ್. ಮುಗಿಸಿ ಟೆಕ್ನೋಪಾರ್ಕಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಎಂಟು ತಿಂಗಳು ಅವರ ಮನೆಯಲ್ಲೇ ಉಂಡು ಮಲಗಿದವನು. ಹಾಗಾಗಿ ಅವರ ಕಂಪ್ಯೂಟರಿಗೆ ಏನಾದರೂ ನಾನೇ ಡಾಕ್ಟರ್.

ಸಮಸ್ಯೆ ಇಷ್ಟು. 2014ರಲ್ಲಿ ಮಾಡಿಸಿದ ವೆಬ್‌ಸೈಟಿನ ವಿಳಾಸದಲ್ಲೇ 'ಟ್ರಿವೇಂಡ್ರಂ' ಎಂಬ ಪದವಿತ್ತು. ಆಗ ಅದು ಸರಿಯಾಗಿಯೇ ಇತ್ತು. ಈಗ ಮಗ ಕೊಚ್ಚಿ ಪಕ್ಕದ ತೃಪ್ಪೂಣಿತ್ತುರದಲ್ಲಿ ಇನ್ನೊಂದು ಅಡುಗೆಮನೆ ತೆರೆದಿದ್ದಾನೆ. ಕೊಚ್ಚಿಯವರು ಹೆಸರು ನೋಡಿ, "ಇವರು ಇನ್ನೂರು ಕಿಲೋಮೀಟರ್ ದೂರದವರು, ಊಟ ಬರುವಷ್ಟರಲ್ಲಿ ಹಳಸುತ್ತದೆ" ಎಂದು ಮುಂದೆ ಹೋಗುತ್ತಾರಂತೆ. ಊರಿನ ಹೆಸರಿಲ್ಲದ ಹೊಸ ವಿಳಾಸ ಬೇಕು. ಆದರೆ ಐದು ತಿಂಗಳ ಹಿಂದಷ್ಟೇ ಹೊಸ ಹೋಸ್ಟಿಂಗ್ ಕಂಪನಿಗೆ ಮೂರು ವರ್ಷದ ಹಣ ಒಟ್ಟಿಗೆ ಕಟ್ಟಿದ್ದಾರೆ. ಅದೇ ಮಾವನ ಚಿಂತೆ.

ನಾನು ಕೊಟ್ಟ ಉತ್ತರ ಚಿಕ್ಕದು. ಹೆಸರು ಬದಲಿಸಬಹುದು, ಕಟ್ಟಿದ ದುಡ್ಡು ಹೋಗುವುದಿಲ್ಲ. ಉಳಿದ ಉತ್ತರ ನನಗೇ ಪೂರ್ತಿ ಗೊತ್ತಿರಲಿಲ್ಲ ಎಂಬುದು ಮೂರು ವಾರದ ನಂತರ ಅರ್ಥವಾಯಿತು.

ಸ್ಟೇಷನ್ ಕದಲಲಿಲ್ಲ

ಹೋಸ್ಟಿಂಗ್ ಬೇರೆ, ಡೊಮೈನ್ ಬೇರೆ. ಹೋಸ್ಟಿಂಗ್ ಎಂದರೆ ನಿಮ್ಮ ಫೋಟೊ, ಮೆನು, ಪುಟಗಳನ್ನು ಇಡಲು ಬಾಡಿಗೆಗೆ ಪಡೆದ ಜಾಗ. ಡೊಮೈನ್ ಎಂದರೆ ಜನ ಆ ಜಾಗವನ್ನು ಹುಡುಕಿ ಬರುವ ಹೆಸರು. ಎರಡನ್ನೂ ಒಂದೇ ಕಂಪನಿ ಒಂದೇ ಬಿಲ್ಲಿನಲ್ಲಿ ಮಾರುವುದರಿಂದ ಎರಡೂ ಒಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ.

ಹೆಸರಿಗೂ ಜಾಗಕ್ಕೂ ಗಂಟು ಹಾಕುವುದು ಡಿಎನ್ಎಸ್ ಎಂಬ ವ್ಯವಸ್ಥೆ. ಅದಕ್ಕೆ ಮೊದಲು ಯಾವ ಹೆಸರಿನ ಯಂತ್ರ ಯಾವ ಸಂಖ್ಯೆಯಲ್ಲಿದೆ ಎಂದು ಬರೆದ ಒಂದೇ ಒಂದು ಪಟ್ಟಿಯನ್ನು ಅಮೆರಿಕದ ಒಂದು ಕಡೆ ಇಟ್ಟು, ಎಲ್ಲರೂ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಈಗಿನ ಡಿಎನ್ಎಸ್ ರೂಪಿಸಿದರು. ಜಾಗ ಬದಲಾದರೂ ಹೆಸರು ಹಾಗೇ ಇರಬಹುದು, ಹೆಸರು ಬದಲಾದರೂ ಜಾಗ ಹಾಗೇ ಇರಬಹುದು. ಅದರ ದೊಡ್ಡ ಅನುಕೂಲವೇ ಇದು.

ಇದನ್ನೆಲ್ಲ ಮಾವನಿಗೆ ಹೇಳುವುದು ಹೇಗೆ? ರೈಲ್ವೆ ಸ್ಟೇಷನ್ ನೆನಪಾಯಿತು.

"ಮಾವ, ಕೊಚ್ಚುವೇಳಿ ಸ್ಟೇಷನ್ನಿಗೆ 2024ರಲ್ಲಿ ತಿರುವನಂತಪುರಂ ನಾರ್ತ್ ಅಂತ ಹೆಸರಿಟ್ಟರಲ್ಲ. ಸ್ಟೇಷನ್ ಇದ್ದ ಜಾಗದಿಂದ ಕದಲಿತಾ?"

"ಇಲ್ಲ. ಆದ್ರೆ ಆಟೋದವ್ರ್ ಈಗ್ಲೂ ಕೊಚ್ಚುವೇಳಿ ಅಂದೇ ಹೇಳೂದ್."

ಆ ಕ್ಷಣಕ್ಕೆ ನಕ್ಕೆ. ಆದರೆ ಇಡೀ ಕೆಲಸದ ಕಷ್ಟವನ್ನು ಮಾವ ಆ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಹೊಸ ಬೋರ್ಡ್ ಹಾಕುವುದು ಒಂದು ದಿನದ ಕೆಲಸ. ಹಳೆಯ ಹೆಸರು ಹೇಳಿಕೊಂಡು ಬರುವವರನ್ನು ದಾರಿ ತಪ್ಪಿಸದೆ ಕರೆತರುವುದು ವರ್ಷಗಳ ಕೆಲಸ.

ಇನ್ನೊಂದು ಮಾತು. ಡೊಮೈನ್ ಹೆಸರನ್ನು 'ತಿದ್ದಲು' ಆಗುವುದಿಲ್ಲ. ಒಂದು ಅಕ್ಷರ ತಪ್ಪಿದ್ದರೂ ಅಷ್ಟೇ. ಹೊಸದೊಂದನ್ನು ಕೊಳ್ಳಬೇಕು, ಅದನ್ನು ಅದೇ ಹೋಸ್ಟಿಂಗ್ ಜಾಗಕ್ಕೆ ಜೋಡಿಸಬೇಕು. ಹಳೆಯದು ಹಾಗೆಯೇ ಪಕ್ಕದಲ್ಲಿ ಇರುತ್ತದೆ, ನೀವು ಬಾಡಿಗೆ ಕಟ್ಟುವವರೆಗೆ.

ಹೆಸರು ಯಾರ ಹೆಸರಿನಲ್ಲಿದೆ?

ಮುಂದಿನ ಶನಿವಾರ ಬೆಳಗಿನ ಜಾವದ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದು ತಿರುವನಂತಪುರಕ್ಕೆ ಹೋದೆ. ಅತ್ತೆ ಬಡಿಸಿದ ನೀರ್‌ದೋಸೆ ತಿಂದು, ಮಾವನ ಕಾಗದಪತ್ರ ಬಿಡಿಸಿ ಕುಳಿತೆ.

ಹೋಸ್ಟಿಂಗ್ ಬಿಲ್ ಮಾವನ ಹೆಸರಿನಲ್ಲೇ ಇತ್ತು. ಡೊಮೈನ್ ಬಿಲ್ ಎಲ್ಲಿ ಎಂದರೆ ಅವರಿಗೆ ಗೊತ್ತಿಲ್ಲ. "ವೆಬ್‌ಸೈಟ್ ಮಾಡಿದ ಹುಡುಗನಿಗೆ ವರ್ಷ ವರ್ಷ ದುಡ್ಡು ಕೊಡ್ತೆ, ಅವ ನೋಡ್ಕಂತ." ಆ ಹುಡುಗ ಈಗ ಗಲ್ಫಿನಲ್ಲಿದ್ದಾನೆ. 2014ರಲ್ಲಿ ಡೊಮೈನ್ ಕೊಂಡದ್ದು ಅವನ ಖಾತೆಯಲ್ಲಿ, ಅವನ ಇಮೇಲಿನಲ್ಲಿ, ಅವನ ಫೋನ್ ನಂಬರಿನಲ್ಲಿ. ಅಂದರೆ ಹನ್ನೊಂದು ವರ್ಷ ಮಾವ ತಮ್ಮದೆಂದು ವಿಸಿಟಿಂಗ್ ಕಾರ್ಡಿನಲ್ಲಿ, ವ್ಯಾನಿನ ಮೇಲೆ, ಬಡಿಸುವವರ ಅಂಗಿಯ ಮೇಲೆ ಬರೆಸಿಕೊಂಡ ಹೆಸರು ದಾಖಲೆಯಲ್ಲಿ ಅವರದ್ದೇ ಅಲ್ಲ.

ಮಾವನ ಮುಖ ಸಣ್ಣದಾಯಿತು. "ಅವ ಕೊಡುದಿಲ್ಲ ಅಂದ್ರೆ?"

ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಹುಡುಗ ಒಳ್ಳೆಯವನು. ವಾಟ್ಸ್ಆ್ಯಪಿನಲ್ಲಿ ಕರೆ ಮಾಡಿದ ಸಂಜೆಯೇ ಮಾವನ ಹೆಸರಿನಲ್ಲಿ ತೆರೆದ ಹೊಸ ಖಾತೆಗೆ ಡೊಮೈನ್ ದಾಟಿಸಿಕೊಟ್ಟ. ಮಾವನ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಅವನ ನಂಬರ್ ಬದಲಾಗಿದ್ದರೆ, ಅವನು ಒಂದು ವರ್ಷ ನವೀಕರಿಸಲು ಮರೆತಿದ್ದರೆ ಕಥೆ ಬೇರೆ. ಡಾಟ್ ಕಾಮ್ ಮಾದರಿಯ ಹೆಸರು ಅವಧಿ ಮುಗಿದ ಮೇಲೆ ಕೆಲವು ದಿನ ರಿಜಿಸ್ಟ್ರಾರ್ ಬಳಿ ಉಳಿಯುತ್ತದೆ. ಆಮೇಲೆ 30 ದಿನ ಹೆಚ್ಚು ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಮುಗಿದರೆ 5 ದಿನದಲ್ಲಿ ಅಳಿಸಿಹೋಗುತ್ತದೆ, ಮುಂದೆ ಯಾರು ಬೇಕಾದರೂ ಕೊಳ್ಳಬಹುದು.

ಹೊರನಾಡಿನಲ್ಲಿ ಅಂಗಡಿ ಇಟ್ಟವರು, ಕನ್ನಡ ಸಂಘ ನಡೆಸುವವರು ಈ ಒಂದು ವಿಷಯವನ್ನು ಇವತ್ತೇ ನೋಡಿ. ಸಂಘದ ವೆಬ್‌ಸೈಟಿನ ಹೆಸರು ಯಾವ ಹಳೆಯ ಕಾರ್ಯದರ್ಶಿಯ ಇಮೇಲಿನಲ್ಲಿದೆ? ಅವರು ವರ್ಗವಾಗಿ ಪುಣೆಗೋ ದುಬೈಗೋ ಹೋಗಿಲ್ಲ ತಾನೇ?

ಹೋಸ್ಟಿಂಗ್ ಕಂಪನಿಯ ಪ್ಯಾಕೇಜಿನಲ್ಲಿ ಒಂದು ಡೊಮೈನ್ ಪುಕ್ಕಟೆ ಎಂದಿತ್ತು. ಬೇಡ, ಹೆಸರನ್ನು ಬೇರೆ ಕಡೆ ದುಡ್ಡು ಕೊಟ್ಟೇ ಕೊಳ್ಳೋಣ ಎಂದೆ. "ಪುಕ್ಕಟೆ ಸಿಕ್ಕುದ್ ಬಿಡೂದಾ?" ಎಂದು ಮಾವನಿಗೆ ಸಿಟ್ಟು. ಪುಕ್ಕಟೆ ಮೊದಲ ವರ್ಷಕ್ಕೆ ಮಾತ್ರ. ನಾಳೆ ಹೋಸ್ಟಿಂಗ್ ಸರಿಯಿಲ್ಲ ಎಂದು ಜಾಗ ಬಿಡುವಾಗ ಹೆಸರೂ ಅವರ ಕೈಯಲ್ಲೇ ಇದ್ದರೆ ಬಿಡಿಸಿಕೊಳ್ಳಲು ಇನ್ನೊಂದು ಓಡಾಟ. ಬಾಡಿಗೆ ಮನೆ ಮಾಲೀಕರ ಬಳಿ ರೇಷನ್ ಕಾರ್ಡ್ ಇಡುತ್ತೇವಾ ಎಂದು ಕೇಳಿದ ಮೇಲೆ ಒಪ್ಪಿದರು.

ಕರ್ಕಿಡಕದ ಬಿಡುವು

ನಮ್ಮಲ್ಲಿ ಆಷಾಢ ಇದ್ದಂತೆ ಇಲ್ಲಿ ಕರ್ಕಿಡಕ ಮಾಸ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆಗಳಿಲ್ಲ. ಮನೆಮನೆಯಲ್ಲಿ ರಾಮಾಯಣ ಪಾರಾಯಣ, ಔಷಧಿ ಗಂಜಿ. ಅಡುಗೆಯವರಿಗೆ ಕೈ ಖಾಲಿ. ಚಿಂಗ ಮಾಸ ಹುಟ್ಟಿದ ಕೂಡಲೇ ಮದುವೆಗಳ ಸಾಲು, ಓಣಂ. ಹಾಗಾಗಿ ಬದಲಾವಣೆ ಕರ್ಕಿಡಕದಲ್ಲೇ ಮುಗಿಯಬೇಕು ಎಂದು ನಿರ್ಧರಿಸಿದೆವು.

ಮಾಡಿದ ಕೆಲಸದ ಕ್ರಮ ಇದು. ಮೊದಲು ಇಡೀ ಸೈಟಿನ ಬ್ಯಾಕಪ್ ತೆಗೆದೆ. ಆಮೇಲೆ ಪ್ಲಾನಿನಲ್ಲಿ ಎಷ್ಟು ಡೊಮೈನ್‌ಗೆ ಅವಕಾಶವಿದೆ ಎಂದು ನೋಡಿದೆ. ಅಗ್ಗದ ಪ್ಲಾನ್‌ಗಳಲ್ಲಿ ಒಂದಕ್ಕೇ ಮಿತಿ ಇರುವುದುಂಟು. ಇನ್ನು ಕೆಲವು ಕಡೆ ಖಾತೆಯ ಮುಖ್ಯ ಹೆಸರನ್ನು ನಾವೇ ಬದಲಿಸಲು ಬರುವುದಿಲ್ಲ, ಸಹಾಯ ವಿಭಾಗಕ್ಕೆ ಬರೆದು ಮಾಡಿಸಬೇಕು. ನಮ್ಮದರಲ್ಲಿ ಹಾಗೇ ಆಯಿತು, ಅರ್ಧ ದಿನ ಹಿಡಿಯಿತು.

ಹೊಸ ಹೆಸರನ್ನು ಹೋಸ್ಟಿಂಗ್ ಜಾಗದ ಸಂಖ್ಯೆಗೆ ಜೋಡಿಸಿದೆ. ಬೀಗದ ಗುರುತು ಬರಲು ಬೇಕಾದ ಪ್ರಮಾಣಪತ್ರವನ್ನು ಹೊಸ ಹೆಸರಿಗೂ ಹಳೆಯ ಹೆಸರಿಗೂ ಮಾಡಿಸಿದೆ. ಹಳೆಯದಕ್ಕೆ ಯಾಕೆ ಎಂದರೆ, ಹಳೆಯ ವಿಳಾಸದಿಂದ ಬರುವವರಿಗೆ ಹೊಸ ಮನೆ ತಲುಪುವ ಮೊದಲೇ 'ಈ ಸೈಟ್ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಕಾಣಬಾರದು. ವರ್ಡ್‌ಪ್ರೆಸ್ ಒಳಗೆ ಹಳೆಯ ವಿಳಾಸ ನೂರಾರು ಕಡೆ ಅಡಗಿರುತ್ತದೆ. ಅದನ್ನು ಡೇಟಾಬೇಸಿನಲ್ಲಿ ಕೈಯಾರೆ ಬದಲಿಸಲು ಹೋದರೆ ಕೆಲವು ಮಾಹಿತಿ ಕೆಟ್ಟುಹೋಗುತ್ತದೆ, ಅದಕ್ಕೆಂದೇ ಇರುವ ಸಲಕರಣೆ ಬಳಸಬೇಕು.

ಕೊನೆಗೆ 301 ಎಂಬ ಸೂಚನೆ. 'ಇವರು ಇಲ್ಲಿಂದ ಶಾಶ್ವತವಾಗಿ ಹೋಗಿದ್ದಾರೆ, ಹೊಸ ವಿಳಾಸ ಇದು' ಎಂದು ಬ್ರೌಸರಿಗೂ ಗೂಗಲ್‌ಗೂ ಹೇಳುವ ಸಂಖ್ಯೆ ಅದು. ಪ್ರತಿ ಹಳೆಯ ಪುಟವೂ ಅದೇ ಹೊಸ ಪುಟಕ್ಕೆ ಹೋಗಬೇಕು. ಎಲ್ಲರನ್ನೂ ಮುಖಪುಟಕ್ಕೆ ತಳ್ಳಿದರೆ, ಸದ್ಯದ ಮೆನು ಹುಡುಕಿ ಬಂದವರು ಬಾಗಿಲಲ್ಲೇ ತಿರುಗಿ ಹೋಗುತ್ತಾರೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸಲು ಜಾಗವಿದೆ, ಅಲ್ಲೂ ತಿಳಿಸಿದೆ. ಈ ಮರುದಾರಿಯನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುವುದು ಗೂಗಲ್‌ನದೇ ಸಲಹೆ.

ಭಾನುವಾರ ಸಂಜೆಗೆ ಎಲ್ಲ ಮುಗಿಯಿತು. ಹಳೆಯ ಹೆಸರು ಹೊಡೆದರೂ ಹೊಸ ಸೈಟ್ ಬಂತು. ಮಾವ ಹತ್ತು ಸಲ ಹೊಡೆದು ನೋಡಿದರು. ನಾನು ಬೀಗುತ್ತಾ ಕೊಚ್ಚಿಯ ರೈಲು ಹತ್ತಿದೆ.

ವಾಪಸ್ ಹೋದ ಪತ್ರಗಳು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಆಫೀಸಿನಲ್ಲಿ ಮೀಟಿಂಗ್ ನಡುವೆ ಮಾವನ ಫೋನ್. ಕರಮನೆಯ ಹಳೆಯ ಗಿರಾಕಿಯೊಬ್ಬರು ಚಿಂಗ ಮಾಸದ ಮದುವೆಗೆ ನಾನೂರು ಜನರ ಊಟದ ಪಟ್ಟಿ ಇಮೇಲ್ ಮಾಡಿದ್ದರಂತೆ. ಅದು ವಾಪಸ್ ಬಂತಂತೆ. "ಅಂಗಡಿ ಮುಚ್ಚಿದ್ರಾ?" ಎಂದು ಕೇಳಲು ಫೋನ್ ಮಾಡಿದ್ದಾರೆ.

ತಪ್ಪು ನನ್ನದೇ. ಮಾವನ ಇಮೇಲ್ ಹೋಸ್ಟಿಂಗ್ ಕಂಪನಿಯಲ್ಲಿರಲಿಲ್ಲ, ಬೇರೆ ಸೇವೆಯಲ್ಲಿತ್ತು. ಭಾನುವಾರ ರೈಲಿಗೆ ಹೊರಡುವ ಮುಂಚೆ 'ಎಲ್ಲ ಒಂದೇ ಕಡೆ ಇರಲಿ' ಎಂದು ಹಳೆಯ ಡೊಮೈನಿನ ನೇಮ್ ಸರ್ವರನ್ನು ಬದಲಿಸಿದ್ದೆ. ನೇಮ್ ಸರ್ವರ್ ಬದಲಿಸಿದರೆ ವೆಬ್‌ಸೈಟಿನ ದಾರಿ ಮಾತ್ರವಲ್ಲ, ಆ ಹೆಸರಿನ ಎಲ್ಲ ದಾಖಲೆಗಳೂ ಹೊಸ ಕಡೆಯಿಂದ ಓದಲ್ಪಡುತ್ತವೆ. ಇಮೇಲ್ ಎಲ್ಲಿಗೆ ತಲುಪಿಸಬೇಕು ಎಂದು ಹೇಳುವ ಎಂಎಕ್ಸ್ ದಾಖಲೆಯನ್ನು ನಾನು ಅಲ್ಲಿಗೆ ನಕಲು ಮಾಡಿರಲಿಲ್ಲ. ಸೈಟ್ ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಒಂದೂವರೆ ದಿನ ಅಂಚೆಯವನಿಗೆ ಮನೆ ಸಿಗಲಿಲ್ಲ.

ದಾಖಲೆ ಸೇರಿಸಲು ಬೇಕಾದದ್ದು ಐದು ನಿಮಿಷ. ಸಂಜೆಯೊಳಗೆ ಎಲ್ಲ ಸರಿಯಾಯಿತು. ರಾತ್ರಿ ಮಾವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಇವ್ರಿಗೆ ನನ್ನ ನಂಬ್ರ್ ಗೊತ್ತಿತ್ತ್, ಫೋನ್ ಮಾಡಿದ್ರ್. ಗೊತ್ತಿಲ್ದವ್ರ್ ಎಷ್ಟ್ ಜನ ಬರ್ದಿರ್ಬಹುದ್?"

ಎಷ್ಟು ಮಂದಿ ಎಂದು ಲೆಕ್ಕ ಹಾಕುವ ದಾರಿ ನನ್ನ ಕೈಯಲ್ಲಿ ಇರಲಿಲ್ಲ. ಚಿಂಗ ಮಾಸದ ಊಟ ಗೊತ್ತು ಮಾಡುವ ದಿನಗಳವು. ಹೊಸಬರು ಒಮ್ಮೆ ಬರೆಯುತ್ತಾರೆ, ವಾಪಸ್ ಬಂದರೆ ಪಕ್ಕದ ಅಡುಗೆಯವರಿಗೆ ಬರೆಯುತ್ತಾರೆ. ಆ ಒಂದೂವರೆ ದಿನದಲ್ಲಿ ಮಾವ ಒಂದು ಮದುವೆ ಕಳೆದುಕೊಂಡರೋ, ಮೂರೋ, ಯಾವುದೂ ಇಲ್ಲವೋ. ನಾನು ಕೆಲಸ ಮಾಡುವ ಕಂಪನಿಯಲ್ಲಿ ಇಂಥ ಬದಲಾವಣೆಗೆ ಚೆಕ್‌ಲಿಸ್ಟ್ ಬರೆದು ಇಬ್ಬರಿಂದ ಸಹಿ ಹಾಕಿಸುತ್ತೇವೆ. ಮನೆಯವರ ಕೆಲಸ ಎಂದು ಸಲೀಸಾಗಿ ತೆಗೆದುಕೊಂಡೆ. ಅದು ಇನ್ನೂ ಚುಚ್ಚುತ್ತದೆ.

ದೇಶದ ಬ್ಯಾಂಕುಗಳೇ ಬೋರ್ಡ್ ಬದಲಿಸಿದಾಗ

ಅದೇ ವರ್ಷ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ದೇಶದಲ್ಲೆಲ್ಲ ನಡೆಯಿತು. ಬ್ಯಾಂಕುಗಳ ಹೆಸರಿನಲ್ಲಿ ನಕಲಿ ಸೈಟ್ ಮಾಡಿ ಜನರ ಹಣ ಹೊಡೆಯುವುದು ಹೆಚ್ಚಾದ್ದರಿಂದ, ಭಾರತದ ಬ್ಯಾಂಕುಗಳಿಗೆಂದೇ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸ ತರುವುದಾಗಿ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಹೇಳಿತು. ಏಪ್ರಿಲ್ 22ರ ಸುತ್ತೋಲೆಯಲ್ಲಿ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕು ಎಂದಿತು. ನೋಂದಣಿಯ ಹೊಣೆ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬ್ಯಾಂಕ್ ಅಲ್ಲದವರಿಗೆ ಆ ಹೆಸರು ಸಿಗುವುದಿಲ್ಲ. ಹೀಗೆ ಸ್ಟೇಟ್ ಬ್ಯಾಂಕ್ 'ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್' ಆಯಿತು. ದೊಡ್ಡ ಬ್ಯಾಂಕುಗಳಿಗೆ ಮಾತ್ರವಲ್ಲ, ಪಟ್ಟಣದ ಸಹಕಾರಿ ಬ್ಯಾಂಕುಗಳಿಗೂ ಇದೇ ಆದೇಶ.

ನವೆಂಬರ್‌ನಲ್ಲಿ ಊರಿನಿಂದ ಅಪ್ಪ ಫೋನ್ ಮಾಡಿದರು. "ಬ್ಯಾಂಕಿನ ವಿಳಾಸ ಬದಲಾಗಿದೆ ಅಂತ ಮೆಸೇಜ್ ಬಂದಿದೆ. ಮೋಸವಾ?" ಎಂಬ ಹೆದರಿಕೆ. ಹೊರಗಿರುವ ನಮಗೆಲ್ಲ ಇಂಥ ಫೋನ್ ಬಂದಿರುತ್ತದೆ. ಅಪ್ಪನಿಗೆ ಹೇಳಿಕೊಟ್ಟದ್ದು ಇಷ್ಟೇ. ಮೆಸೇಜಿನಲ್ಲಿ ಬಂದದ್ದನ್ನು ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ವೆಬ್ ವಿಳಾಸದ ಯಜಮಾನ ಯಾರು ಎಂದು ತಿಳಿಯಲು ಅದನ್ನು ಬಲಗಡೆಯಿಂದ ಓದಬೇಕು. ಮೊದಲ ಓರೆಗೆರೆ ಬರುವ ಮುಂಚಿನ ಕೊನೆಯ ಭಾಗ 'ಬ್ಯಾಂಕ್ ಡಾಟ್ ಇನ್' ಆಗಿದ್ದರೆ ಅದು ಬ್ಯಾಂಕಿನದು. ಎಡಗಡೆ ಬ್ಯಾಂಕಿನ ಹೆಸರಿದ್ದು, ಬಲತುದಿಯಲ್ಲಿ ಬೇರೇನೋ ಇದ್ದರೆ ನಂಬಬೇಡಿ.

ಬ್ಯಾಂಕಿನವರಿಗೂ ಮಾವನಿಗೂ ಇದ್ದ ಕಷ್ಟ ಒಂದೇ. ಹೆಸರು ಬದಲಾದದ್ದಕ್ಕೆ ಜನ ಬೆದರಬಾರದು, ಬಿಟ್ಟ ಹಳೆಯ ಹೆಸರು ಬೇರೆಯವರ ಕೈಗೆ ಸಿಗಬಾರದು. ಮಾವನ ಹಳೆಯ ಡೊಮೈನ್ ಬಿಟ್ಟುಬಿಟ್ಟರೆ ಅದನ್ನು ಕೊಂಡವನಿಗೆ ಹನ್ನೊಂದು ವರ್ಷದ ಒಳ್ಳೆಯ ಹೆಸರು ಪುಕ್ಕಟೆ ಸಿಗುತ್ತದೆ. ಜೂಜಿನ ಸೈಟ್ ಹಾಕಬಹುದು, ಅದೇ ಹೆಸರಿನ ಇಮೇಲ್ ತೆರೆದು ಗಿರಾಕಿಗಳಿಂದ ಮುಂಗಡ ಕೇಳಲೂಬಹುದು.

ಹಳೆಯ ಹೆಸರಿನ ಆಯುಸ್ಸು ಎಷ್ಟು ಗಟ್ಟಿ ಎಂದು ತಿಳಿಯಲು ಕೇರಳದಲ್ಲಿ ಸುತ್ತಿದರೆ ಸಾಕು. ಟ್ರಿವೇಂಡ್ರಂ ಅಧಿಕೃತವಾಗಿ ತಿರುವನಂತಪುರ ಆದದ್ದು 1991ರಲ್ಲಿ, ಕೊಚ್ಚಿನ್ ಕೊಚ್ಚಿ ಆದದ್ದು 1996ರಲ್ಲಿ. ವಿಮಾನದ ಟಿಕೆಟಿನಲ್ಲಿ ಈಗಲೂ 'ಟಿಆರ್‌ವಿ', 'ಸಿಒಕೆ'. ಹಡಗುಕಟ್ಟೆ ಇನ್ನೂ ಕೊಚ್ಚಿನ್ ಶಿಪ್‌ಯಾರ್ಡ್. ನಮ್ಮ ಬೆಂಗಳೂರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರೇ ಆದರೂ ಇಲ್ಲಿನ ಬಸ್ಸಿನ ಕಂಡಕ್ಟರ್ ಕೂಗುವುದು "ಬ್ಯಾಂಗ್ಲೂರ್" ಎಂದೇ.

ನೀವು ಮಾಡುವುದಾದರೆ

ಇಂಥ ಕೆಲಸಕ್ಕೆ ಕೈಹಾಕುವವರಿಗೆ ನನ್ನ ಕಿವಿಮಾತು ನಾಲ್ಕೇ. ಒಂದು, ಡೊಮೈನ್ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನಿನಲ್ಲಿ ಇರಲಿ. ಆ ಇಮೇಲ್ ಅದೇ ಡೊಮೈನಿನದ್ದಾಗಿರದಿರಲಿ. ಹೆಸರು ಕೈತಪ್ಪಿದ ದಿನ ಆ ಇಮೇಲೂ ಕೆಲಸ ಮಾಡುವುದಿಲ್ಲ. ಎರಡು, ಬದಲಿಸುವ ಮೊದಲು ಈಗಿರುವ ಎಲ್ಲ ಡಿಎನ್ಎಸ್ ದಾಖಲೆಗಳ ಫೋಟೊ ತೆಗೆದಿಡಿ, ಇಮೇಲಿನದ್ದನ್ನು ಮರೆಯಬೇಡಿ. ಬದಲಿಸಿದ ಮೇಲೆ ಬೇರೆ ಖಾತೆಯಿಂದ ನೀವೇ ಒಂದು ಪತ್ರ ಬರೆದು ನೋಡಿ. ಮೂರು, ವ್ಯವಹಾರ ತಣ್ಣಗಿರುವ ತಿಂಗಳು ಆರಿಸಿಕೊಳ್ಳಿ. ನಾಲ್ಕು, ಹಳೆಯ ಹೆಸರಿಗೆ ವರ್ಷ ವರ್ಷ ಬಾಡಿಗೆ ಕಟ್ಟುತ್ತಾ ಇರಿ.

ನಾಲ್ಕನೆಯದಕ್ಕೆ ಮಾವ ಮೊದಲು ಒಪ್ಪಲಿಲ್ಲ. "ಖಾಲಿ ಅಂಗಡಿಗೆ ಯಾರ್ ಬಾಡಿಗೆ ಕೊಡ್ತ್ರ್?" ಎಂದರು. ಒಂದು ವರ್ಷಕ್ಕೆ ಮಾತ್ರ ನವೀಕರಿಸೋಣ ಎಂದು ಅಲ್ಲಿಗೆ ಮಾತು ನಿಲ್ಲಿಸಿದ್ದೆವು.

ಕಳೆದ ಜನವರಿಯಲ್ಲಿ ನಾಗರಕೋವಿಲ್ ಕಡೆಯ ಕುಟುಂಬವೊಂದು ಮಗನ ಉಪನಯನಕ್ಕೆ ಊಟ ಹೇಳಲು ಬಂತು. ವಿಳಾಸ ಹೇಗೆ ಸಿಕ್ಕಿತು ಎಂದು ಮಾವ ವಿಚಾರಿಸಿದರು. ಹತ್ತು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ಮಾವನೇ ಕೊಟ್ಟ ವಿಸಿಟಿಂಗ್ ಕಾರ್ಡನ್ನು ಅಜ್ಜಿ ದೇವರ ಕಪಾಟಿನಲ್ಲಿ ಇಟ್ಟಿದ್ದರಂತೆ. ಅದರಲ್ಲಿದ್ದ ಫೋನ್ ನಂಬರ್ ಈಗ ಇಲ್ಲ. ವೆಬ್‌ಸೈಟಿನ ಹೆಸರು ಹೊಡೆದರು, ಹೊಸ ಸೈಟ್ ತೆರೆಯಿತು, ಹೊಸ ನಂಬರ್ ಸಿಕ್ಕಿತು.

ಆ ರಾತ್ರಿ ಮಾವ ಫೋನ್ ಮಾಡಿದರು. "ಮಾಣಿ, ಆ ಹಳೆ ಹೆಸ್ರಿಗೆ ಒಟ್ಟಿಗೆ ಎಷ್ಟ್ ವರ್ಷದ್ ದುಡ್ಡ್ ಕಟ್ಲಕ್?"

"ಹೆಚ್ಚೆಂದರೆ ಹತ್ತು ವರ್ಷದ್ದು, ಮಾವ."

"ಕಟ್ ಹಾಂಗಾರೆ."